ಆಯಮ್ಮನ ಗುನುಗು

ಮೂರು ವರ್ಷ ತುಂಬುವ ಮೊದಲಿನದು ಯಾರಿಗೂ ನೆನಪಿರುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಇದರಿಂದ ಯಾರಿಗೂ ನಷ್ಟವೂ ಇಲ್ಲ, ಆಯಮ್ಮ ಒಬ್ಬಳನ್ನು ಬಿಟ್ಟರೆ. ಬಟ್ಟೆ ಗಿರಣಿಯ ಹಿಂಬದಿಯಲ್ಲಿದ್ದ ಶಿಶುವಿಹಾರದಲ್ಲಿ ಅವಳು ಅರ್ಧ ಆಯುಷ್ಯ ಕಳೆದಿದ್ದಳು. ಗಿರಣಿಯ ಹೆಂಗಸರು ಪಾಳಿಗೆ ಬರುವಾಗ ಕೂಸನ್ನು ಅವಳ ಕೈಗೆ ಹಾಕಿ ಓಡುತ್ತಿದ್ದರು, ಪಾಳಿ ಮುಗಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದರು. ನಡುವಿನ ಹೊತ್ತೆಲ್ಲ ಅವಳದು. ಹಾಲು ಕುಡಿಸುವುದು, ತೇಗು ಬರಿಸುವುದು, ಒದ್ದೆಬಟ್ಟೆ ಬದಲಿಸುವುದು, ಮೊದಲ ಹೆಜ್ಜೆಗೆ ಎರಡು ಬೆರಳು ಕೊಡುವುದು. ಮೂರು ತುಂಬಿತೋ, ಮಗು ಶಾಲೆಯ ಕಡೆ ನಡೆದುಬಿಡುತ್ತಿತ್ತು. ಅಲ್ಲಿಗೆ ಆಯಮ್ಮನ ಋಣ ಹರಿಯಿತು.

ಅವಳ ಬಳಿ ಒಂದು ಗುನುಗು ಇತ್ತು. ಹಾಡಲ್ಲ, ಅದಕ್ಕೆ ಪದಗಳೇ ಇರಲಿಲ್ಲ. ತುಟಿ ಬಿಚ್ಚದೆ ಗಂಟಲಲ್ಲೇ ಮೆಲ್ಲಗೆ ಮೇಲಕ್ಕೆ ಹತ್ತಿ, ಅಲ್ಲಿ ತುಸು ನಿಂತು, ನಿಧಾನವಾಗಿ ಕೆಳಗಿಳಿಯುವ ಸ್ವರ. ಎಂಥ ಹಠಮಾರಿ ಕೂಸಾದರೂ ಎರಡನೆಯ ಸುತ್ತಿಗೆ ರೆಪ್ಪೆ ಭಾರ ಮಾಡಿಕೊಳ್ಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಹಾಜರಿ ಬರೆಯುವ ಗುಮಾಸ್ತರೂ ಎಷ್ಟೋ ಸಲ ಕೂತಲ್ಲೇ ತೂಕಡಿಸಿ ಮೇಲಿನವರಿಂದ ಬೈಸಿಕೊಂಡದ್ದುಂಟು.

ಹಾಗೆ ಸಾಕಿದ ಕೂಸುಗಳು ಈಗ ಊರ ತುಂಬ ಓಡಾಡುತ್ತಿದ್ದವು, ಮೀಸೆ ಹೊತ್ತು, ಮಕ್ಕಳನ್ನು ಹೊತ್ತು. ಆಯಮ್ಮ ಅವರನ್ನೆಲ್ಲ ಗುರುತಿಸುತ್ತಿದ್ದಳು. ಕಿವಿಯ ಮಡಿಕೆ, ತಲೆಯ ಸುಳಿ, ನಗುವಾಗ ಒಂದು ಕಡೆಗೆ ಓಡುವ ಬಾಯಿ, ಇವೆಲ್ಲ ಬೆಳೆದರೂ ಬದಲಾಗುವುದಿಲ್ಲ. ಒಮ್ಮೆ ಔಷಧಿ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತಿದ್ದ ಆಳೆತ್ತರದ ಯುವಕನ ಹಿಂದಲೆಯಲ್ಲಿ ಜೋಡಿ ಸುಳಿ ಕಂಡಿತು. ಹಲ್ಲು ಬರುವಾಗ ಇಡೀ ಶಿಶುವಿಹಾರವನ್ನು ತಲೆ ಮೇಲೆ ಹೊತ್ತುಕೊಂಡಿದ್ದ ಪುಣ್ಯಾತ್ಮ ಇವನೇ. ಆಯಮ್ಮ ತಡೆಯಲಾರದೆ ಅವನ ತೋಳು ಮುಟ್ಟಿದಳು.

"ಚೆನ್ನಾಗಿದೀಯೇನಪ್ಪ?"

ಅವನು ತಿರುಗಿ ನೋಡಿದ. ಒಳ್ಳೆಯ ಹುಡುಗ, ಮುಖ ಸಿಂಡರಿಸಲಿಲ್ಲ. "ನೀವು ಮುಂದೆ ಬನ್ನಿ ಅಜ್ಜಿ, ನಂಗೇನೂ ಅರ್ಜೆಂಟಿಲ್ಲ," ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಆಯಮ್ಮ ಮುಂದೆ ಹೋಗಿ ತಲೆನೋವಿನ ಮಾತ್ರೆ ತೆಗೆದುಕೊಂಡಳು. ಅವನದೇನೂ ತಪ್ಪಿರಲಿಲ್ಲ. ಆದರೂ ಆ ದಿನವೆಲ್ಲ ಅವಳಿಗೆ ಒಂದೇ ಆಸೆ ಕಾಡಿತು. ಇಷ್ಟೊಂದು ಜೀವಗಳಲ್ಲಿ ಒಂದಾದರೂ, ಒಂದೇ ಒಂದಾದರೂ, ನನ್ನ ದನಿ ಕೇಳಿ ತಿರುಗಿ ನೋಡಬಾರದಿತ್ತೇ.

ಗಿರಣಿ ಬೇರೆ ಕಡೆಗೆ ಹೋಯಿತು, ಶಿಶುವಿಹಾರಕ್ಕೆ ಬೀಗ ಬಿತ್ತು. ಆಯಮ್ಮ ತಮ್ಮನ ಮನೆಯ ಮಹಡಿ ಕೋಣೆಯಲ್ಲಿದ್ದಳು. ಮದುವೆ ಗಿದುವೆ ಎಂದು ಅವಳು ತಲೆ ಕೆಡಿಸಿಕೊಂಡವಳಲ್ಲ. ಖಾಲಿ ಕೂತರೆ ಮಾತ್ರ ಅವಳ ಕೈ ಸುಮ್ಮನಿರದು, ಒಣಗಿದ ಬಟ್ಟೆಯನ್ನೇ ಮತ್ತೆ ಒಗೆದು ಹಾಕುವಳು. ತಮ್ಮನ ಹೆಂಡತಿ ಎರಡು ತಿಂಗಳು ತಾಳಿಕೊಂಡು, "ಇವರಿಗೊಂದು ಕೆಲಸ ನೋಡ್ರಿ, ಇಲ್ಲಾಂದ್ರೆ ಮನೇಲಿರೋ ಸೀರೆಗಳಿಗೆಲ್ಲ ಬಣ್ಣ ಉಳಿಯಲ್ಲ," ಎಂದು ಗಂಡನ ಕಿವಿಗೆ ಹಾಕಿದಳು. ತಮ್ಮ ಊರಾಚೆಯ ಕಾಡುಪ್ರಾಣಿಗಳ ಆರೈಕೆ ಕೇಂದ್ರದಲ್ಲಿ ಜೀಪು ಓಡಿಸುತ್ತಿದ್ದ. ಗಾಯಗೊಂಡದ್ದು, ತಾಯಿ ಸತ್ತದ್ದು ಎಲ್ಲಿ ಸಿಕ್ಕಿತೆಂದು ಫೋನು ಬಂದರೂ ಪೆಟ್ಟಿಗೆ ಹಿಡಿದು ಹೊರಡುವವನು ಅವನೇ. ಅಲ್ಲಿ ಮರಿಗಳಿಗೆ ಹಾಲು ಕುಡಿಸುವವರು ಬೇಕಾಗಿತ್ತು.

ಕೇಂದ್ರ ಎಂದರೆ ಹಳೆಯದೊಂದು ಗೋದಾಮು. ಮುಂದೆ ಡಾಕ್ಟರ ಕೋಣೆ, ಪಕ್ಕದಲ್ಲಿ ತಕ್ಕಡಿ, ಬಾಟಲಿ, ಬಿಸಿನೀರಿನ ಚೀಲಗಳಿರುವ ಅಡುಗೆಮನೆ, ಅದರಾಚೆ ಮರಿಗಳ ಕೋಣೆ, ಹಿಂದೆ ತಂತಿಬಲೆ ಹಾಕಿದ ಆವರಣಗಳು. ಮರಿಗಳ ಕೋಣೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಮಾತಿಲ್ಲ, ಮುದ್ದಿಲ್ಲ, ಹೆಸರಿಲ್ಲ.

"ಇವು ಕಾಡಿಗೆ ವಾಪಸ್ ಹೋಗಬೇಕಾದವು ಅಮ್ಮ," ಎಂದು ಡಾಕ್ಟರಮ್ಮ ವಿವರಿಸಿದರು. ಇನ್ನೂ ಚಿಕ್ಕ ವಯಸ್ಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ಮನುಷ್ಯರ ಸಲಿಗೆ ಆಯ್ತೂಂದ್ರೆ ಮುಗೀತು. ಊರೊಳಗೆ ಬರ್ತವೆ, ಏಟು ತಿಂದು ಸಾಯ್ತವೆ. ಅದಕ್ಕೆ ನಿಲುವಂಗಿ, ಮುಸುಕು. ಹೊಟ್ಟೆ ತುಂಬಿಸಿ ಬಂದುಬಿಡಬೇಕು. ಇಲ್ಲಿ ಅವು ನಮ್ಮನ್ನ ಮರೆತ್ರೇನೇ ನಾವು ಪಾಸು."

"ಮರೆಸಿಕೊಳ್ಳೋದ್ರಲ್ಲಿ ನಂಗೆ ಒಳ್ಳೆ ಅನುಭವ ಇದೆ ಬಿಡಿ," ಎಂದಳು ಆಯಮ್ಮ.

ಡಾಕ್ಟರಮ್ಮ ಅದು ತಮಾಷೆಯೋ ಅಲ್ಲವೋ ತಿಳಿಯದೆ ಸುಮ್ಮನೆ ನಕ್ಕರು.

ಆಯಮ್ಮ ಕೆಲಸಕ್ಕೆ ಒಗ್ಗಿಕೊಂಡಳು. ಗೂಡು ಕಳೆದುಕೊಂಡ ಅಳಿಲುಗಳು ಬಂದವು, ರೆಕ್ಕೆ ಮುರಿದ ಗೂಬೆ ಬಂತು, ಬಾವಿಗೆ ಬಿದ್ದ ಕಾಡುಬೆಕ್ಕಿನ ಮರಿಗಳು ಬಂದವು. ಅವಳು ಮುಸುಕು ಎಳೆದುಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಎಲ್ಲಕ್ಕೂ ಹಾಲೂಡಿದಳು. ಸಂಜೆ ಮನೆಗೆ ಬಂದು ದಿನದ ಮಾತನ್ನೆಲ್ಲ ತಮ್ಮನ ಹೆಂಡತಿಯ ಮೇಲೆ ಸುರಿಯುತ್ತಿದ್ದಳು. "ಅತ್ತಿಗೆ, ಅಲ್ಲೇ ಒಂಚೂರು ಮಾತಾಡಿ ಬರಬಾರ್ದಾ?" ಎಂದು ಅವಳು ಗೋಗರೆಯುವಳು. ಸಾಕಿದವು ಬಲಿತು ಹೊರಟಾಗ ಆಯಮ್ಮನಿಗೆ ಬೇಸರವಾಗುತ್ತಿತ್ತು, ಆದರೆ ಅದು ಪರಿಚಯವಿದ್ದ ಬೇಸರ.

ಹೀಗಿರುವಾಗ ನರಿಮರಿ ಬಂತು. ಹೆದ್ದಾರಿಯಲ್ಲಿ ತಾಯಿ ಲಾರಿಗೆ ಸಿಕ್ಕಿತ್ತು, ಮರಿ ಅದರ ಹೊಟ್ಟೆಗೆ ಅಂಟಿಕೊಂಡು ಕೂತಿತ್ತಂತೆ. ತಮ್ಮ ಪೆಟ್ಟಿಗೆ ಇಳಿಸಿದಾಗ ಒಳಗೆ ಅಂಗೈ ತುಂಬುವಷ್ಟು ಬೂದುಬಣ್ಣದ ತುಪ್ಪಳ, ಎರಡು ಕಣ್ಣು. ಬಾಟಲಿ ಇಟ್ಟರೆ ಬಾಯಿ ಬಿಗಿಹಿಡಿಯಿತು. ಪಿಚಕಾರಿಯಲ್ಲಿ ತೊಟ್ಟಿಕ್ಕಿಸಿದರೆ ತುಟಿಯಂಚಿನಿಂದ ಹೊರಬಿಟ್ಟಿತು. ಮರುದಿನವೂ ಅದೇ ಕತೆ. ಡಾಕ್ಟರಮ್ಮ ನಾಳದಿಂದ ಹೊಟ್ಟೆಗೆ ಹಾಲು ಬಿಟ್ಟರು, ಅದನ್ನೂ ಕಕ್ಕಿತು. ಮೂರನೆಯ ದಿನ ಮೈ ತಣ್ಣಗಾಗತೊಡಗಿದಾಗ ಅವರು ಕೈ ತೊಳೆದುಕೊಳ್ಳುತ್ತ, "ಇನ್ನು ಬೆಚ್ಚಗಿಡೋದಷ್ಟೇ ಅಮ್ಮ. ಅದಕ್ಕೇ ಬದುಕೋಕೆ ಮನಸ್ಸಿಲ್ಲ," ಎಂದು ಹೊರಗೆ ಹೋದರು.

ಕೋಣೆಯಲ್ಲಿ ಆಯಮ್ಮ ಮತ್ತು ಮರಿ ಇಬ್ಬರೇ. ಬಿಸಿನೀರಿನ ಚೀಲದ ಮೇಲೆ ಅದನ್ನು ಮಲಗಿಸಿಕೊಂಡು ಕೂತಿದ್ದಾಗ ಗುನುಗು ತಾನಾಗಿಯೇ ಗಂಟಲಿಗೆ ಬಂತು. ಬೇಕೆಂದು ಮಾಡಿದ್ದಲ್ಲ. ಸಾಯುವ ಕೂಸನ್ನು ಮಡಿಲಲ್ಲಿಟ್ಟುಕೊಂಡು ತುಟಿ ಹೊಲಿದುಕೊಂಡು ಕೂರುವುದು ಅವಳಿಂದ ಆಗದ ಕೆಲಸ. ಒಂದು ಸುತ್ತು ಮುಗಿಯಿತು, ಎರಡನೆಯದೂ ಮುಗಿಯಿತು. ಮರಿಯ ಕಿವಿ ಅಲುಗಿತು. ಮೂರನೆಯದು ಮೇಲೇರುವಾಗ ಅದು ತಲೆಯೆತ್ತಿ ಅವಳ ಗಂಟಲಿನ ಕಡೆ ಮೂಗು ಚಾಚಿತು. ಆಯಮ್ಮ ಗುನುಗು ನಿಲ್ಲಿಸದೆ ಬಾಟಲಿಯ ತೊಟ್ಟನ್ನು ಬಾಯಿಗಿಟ್ಟಳು. ಮರಿ ಚಪ್ಪರಿಸಿ ಚಪ್ಪರಿಸಿ ಕುಡಿಯಿತು.

"ನಿಮ್ಮ ಕೈಗುಣ ದೊಡ್ಡದು," ಎಂದರು ಡಾಕ್ಟರಮ್ಮ. ಗುನುಗಿನ ಮಾತನ್ನು ಆಯಮ್ಮ ಎತ್ತಲಿಲ್ಲ.

ಬದುಕಿಕೊಂಡ ಮೇಲಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮುಸುಕಿನೊಳಗೆ, ಪಕ್ಕದ ಕೋಣೆಗೂ ಕೇಳದಷ್ಟು ಮೆಲ್ಲಗೆ, ಪ್ರತಿ ಸಲ ಹಾಲೂಡುವಾಗಲೂ ಗುನುಗಿದಳು. ಮರಿ ದೊಡ್ಡದಾಗಿ ಹಿಂದಿನ ಆವರಣಕ್ಕೆ ಹೋಯಿತು. ಅಲ್ಲಿ ಮಣ್ಣು, ಪೊದೆ, ಮರದ ದಿಮ್ಮಿ, ಅಡಗಲು ಬಿಲ. ಮಿಡತೆ ಹಿಡಿಯಲು ಕಲಿಯಿತು, ಇಲಿ ಹಿಡಿಯಲು ಕಲಿಯಿತು. ಬಾಲ ಪೊದೆಯಂತೆ ತುಂಬಿಕೊಂಡಿತು. ಬೇರೆ ಯಾರಾದರೂ ಹತ್ತಿರ ಸುಳಿದರೆ ಬಿಲ ಸೇರುತ್ತಿತ್ತು. ಆಯಮ್ಮ ಮಾತ್ರ ಸಂಜೆ ಮನೆಗೆ ಹೊರಡುವ ಮೊದಲು ನೀರಿನ ತೊಟ್ಟಿ ತೊಳೆಯುವ ನೆಪದಲ್ಲಿ ಹಿಂಬದಿಯ ಬೇಲಿಯ ಹತ್ತಿರ ಹೋಗಿ ಒಂದು ಸುತ್ತು ಗುನುಗುವಳು. ಎಲ್ಲಿದ್ದರೂ ಅದು ಓಡಿಬಂದು ತಂತಿಬಲೆಗೆ ಮೈ ಒತ್ತಿ ನಿಲ್ಲುತ್ತಿತ್ತು, ಕಣ್ಣು ಅರೆಮುಚ್ಚಿಕೊಂಡು.

ತಪ್ಪೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಜಗತ್ತಿನಲ್ಲಿ ಒಂದು ಜೀವ ಅವಳ ದನಿ ಕೇಳಿ ಓಡಿ ಬರುತ್ತಿತ್ತು. ಆ ಸುಖದ ಮುಂದೆ ಕೆಂಪು ಬಣ್ಣದ ಬರಹವೆಲ್ಲ ಮಸುಕಾಗಿ ಕಾಣುತ್ತಿತ್ತು.

ಬಿಡುವ ಮೊದಲು ಒಂದು ಬೆದರು ಪರೀಕ್ಷೆ ಇರುತ್ತದೆ. ಮನುಷ್ಯರು ಒಬ್ಬೊಬ್ಬರಾಗಿ ಆವರಣದೊಳಗೆ ಹೋಗಬೇಕು, ಪ್ರಾಣಿ ಓಡಿ ಅಡಗಬೇಕು. ಹತ್ತಿರ ಬಂದರೆ ಕಾಡಿಗೆ ಬಿಡುವ ಮಾತೇ ಇಲ್ಲ, ಆಯುಷ್ಯವೆಲ್ಲ ಕೇಂದ್ರದ ಬೋನಿನಲ್ಲೇ. ತಮ್ಮ ಹೋದ, ಡಾಕ್ಟರಮ್ಮ ಹೋದರು, ನರಿ ಬಿಲ ಬಿಟ್ಟು ಬರಲಿಲ್ಲ. ಕೊನೆಗೆ ಆಯಮ್ಮ ಹೋದಳು. ದನಿ ಎತ್ತದೆ ನಡೆದಳು. ಒಂದು ಸಲ ಗುನುಗಿದರೆ ಸಾಕು, ಓಡಿ ಬರುತ್ತದೆ, ಇಲ್ಲೇ ಉಳಿಯುತ್ತದೆ, ದಿನಾ ನೋಡಬಹುದು. ಆಸೆ ಗಂಟಲವರೆಗೂ ಬಂತು. ಅವಳು ಅದನ್ನು ನುಂಗಿಕೊಂಡು ಹೊರಗೆ ಬಂದಳು. ನರಿ ಹೊರಗೆ ಇಣುಕಲೂ ಇಲ್ಲ.

"ಫಸ್ಟ್ ಕ್ಲಾಸ್," ಎಂದರು ಡಾಕ್ಟರಮ್ಮ. "ಮುಂದಿನ ವಾರ ಬಿಟ್ಟುಬಿಡೋಣ."

ಆಯಮ್ಮ ದೊಡ್ಡ ತ್ಯಾಗ ಮಾಡಿದವಳಂತೆ ಗಂಭೀರವಾಗಿ ಮನೆಗೆ ಬಂದಳು. ಊಟಕ್ಕೆ ಕೂರುವ ಮೊದಲೇ ಆ ಗಾಂಭೀರ್ಯ ಇಳಿದುಹೋಯಿತು. ಒಳಕೋಣೆಯಲ್ಲಿ ತಮ್ಮನ ಹೆಂಡತಿ, ಎರಡು ದಿನಕ್ಕೆಂದು ತವರಿಗೆ ಬಂದಿದ್ದ ಮಗಳ ಕೂಸನ್ನು ಮಲಗಿಸುತ್ತಿದ್ದಳು. ತುಟಿ ಮುಚ್ಚಿಕೊಂಡು ಗುನುಗುತ್ತಿದ್ದಳು. ಆಯಮ್ಮನದೇ ರಾಗವಲ್ಲ, ಆದರೆ ಅದೇ ಜಾತಿಯದು, ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುವಂಥದು. ಆಯಮ್ಮ ಕಿಟಕಿಯ ಹತ್ತಿರ ಹೋಗಿ ನಿಂತಳು. ಪಕ್ಕದ ಮನೆಯಿಂದಲೂ ಹಾಗೇ ಒಂದು ದನಿ ಬರುತ್ತಿತ್ತು. ಕೂಸಿರುವ ಮನೆ ಎಲ್ಲಿಲ್ಲ, ಕೂಸಿರುವ ಮನೆಯಲ್ಲಿ ಗುನುಗದ ತಾಯಿ ಎಲ್ಲಿದ್ದಾಳೆ. ಕಾಡಂಚಿನ ಯಾವುದೋ ಮನೆಯಲ್ಲಿ ಯಾವಳೋ ತಾಯಿ ಹೀಗೆ ಗುನುಗುತ್ತಾಳೆ, ನರಿ ಓಡಿ ಬರುತ್ತದೆ, ಕಣ್ಣು ಅರೆಮುಚ್ಚಿಕೊಂಡು ತೊಟ್ಟಿಲ ಹತ್ತಿರ ನಿಲ್ಲುತ್ತದೆ. ಆಮೇಲೆ ದೊಣ್ಣೆ.

ಆಯಮ್ಮ ಕಿಟಕಿ ಮುಚ್ಚಿದಳು. ಊಟ ಸೇರಲಿಲ್ಲ.

ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ನಂಬಿಸಲು ಹಿಂಬದಿಯ ಬೇಲಿಗೆ ಕರೆದುಕೊಂಡು ಹೋಗಿ ಒಂದು ಸುತ್ತು ಗುನುಗಿದಳು. ನರಿ ಓಡಿ ಬಂತು. ಡಾಕ್ಟರಮ್ಮ ತಂತಿಬಲೆಗೆ ಮೈ ಒತ್ತಿ ನಿಂತ ನರಿಯನ್ನು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಆಯಮ್ಮನಿಗೆ ಹಗುರವಾಗುತ್ತಿತ್ತು.

"ನೀವು ಗುನುಗದೇ ಇದ್ದಿದ್ರೆ ಅವತ್ತೇ ಸತ್ತುಹೋಗಿರೋದು," ಎಂದರು. "ಆದರೆ ಹೀಗೆ ಬಿಡೋಕಾಗಲ್ಲ. ಎರಡು ದಾರಿ ಇದೆ. ಒಂದು, ಇಲ್ಲೇ ಇರಲಿ. ನೀವೇ ನೋಡ್ಕೊಳ್ಳಿ, ಮುಸುಕೂ ಬೇಡ, ನಿಯಮಾನೂ ಬೇಡ. ಇನ್ನೊಂದು, ಕಲಿಸಿದ್ದನ್ನ ಮರೆಸಬೇಕು. ಆ ದನಿ ಕೇಳಿದ್ರೆ ಓಡಿಹೋಗಬೇಕು, ಹಾಗೆ ಹೆದರಿಸಬೇಕು. ಅದು ನಿಮ್ಮಿಂದಲೇ ಆಗಬೇಕು. ನೀವೇ ಯೋಚನೆ ಮಾಡಿ ಹೇಳಿ."

ಎರಡನೆಯ ಮಾತು ಮುಗಿಯುವ ಮೊದಲೇ ಆಯಮ್ಮನ ಮನಸ್ಸು ಮೊದಲನೆಯದನ್ನು ಹಿಡಿದುಕೊಂಡಾಗಿತ್ತು. ಮುಸುಕು ಬೇಡ. ಕೈಯಾರೆ ತಿನ್ನಿಸಬಹುದು, ಮನಸಾರೆ ಮಾತಾಡಬಹುದು, ಒಂದು ಹೆಸರನ್ನೂ ಇಡಬಹುದು. ಸಾಯುವ ತನಕ ತನ್ನನ್ನು ಗುರುತು ಹಿಡಿಯುವ ಒಂದು ಜೀವ. ಇದಕ್ಕಿಂತ ಹೆಚ್ಚಿಗೆ ಅವಳು ಯಾವತ್ತೂ ಏನನ್ನೂ ಬಯಸಿರಲಿಲ್ಲ.

ಮಧ್ಯಾಹ್ನ ಅವಳು ಮೂಲೆಯ ಬೋನಿನ ಹತ್ತಿರ ಹೋಗಿ ಕೂತಳು. ಅಲ್ಲೊಂದು ಮುದಿನರಿ ಇತ್ತು. ಯಾರೋ ಶೋಕಿಗೆ ಮನೆಯಲ್ಲಿ ಸಾಕಿ, ದೊಡ್ಡದಾದ ಮೇಲೆ ಬೇಸರವಾಗಿ ತಂದು ಬಿಟ್ಟು ಹೋದದ್ದು. ಅದು ಎದ್ದು ಬಂದು ಕಂಬಿಗೆ ಮೈ ಒತ್ತಿ ನಿಂತಿತು. ಕಸ ಗುಡಿಸುವವನು ಹಾದುಹೋದ, ಅವನ ಕಡೆಗೂ ಹೋಗಿ ಹಾಗೆಯೇ ನಿಂತಿತು. ಅವನು ಹೋದ ಮೇಲೆ ಗೋಡೆಗುಂಟ ನಡೆಯತೊಡಗಿತು. ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ. ಅದು ನಡೆದೂ ನಡೆದೂ ನೆಲ ಸವೆದು ನುಣುಪಾಗಿತ್ತು. ಆಯಮ್ಮ ಆ ನುಣುಪನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಸೆರಗು ಕೊಡವಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋದಳು.

"ಮರೆಸ್ತೀನಿ," ಎಂದಳು.

ಹೆದರಿಸುವುದಕ್ಕೆ ಬೇಕಾದದ್ದು ಒಂದು ತಗಡಿನ ಡಬ್ಬ, ಒಂದು ಸೌಟು, ತಮ್ಮನ ಕೈಯಲ್ಲಿ ನೀರಿನ ಪೈಪು. ಆಯಮ್ಮ ಆವರಣದ ನಡುವೆ ಮುಸುಕಿಲ್ಲದೆ ಕೂತಳು. ತಮ್ಮ ದಿಮ್ಮಿಯ ಹಿಂದೆ ಅಡಗಿದ. ಅವಳು ಗುನುಗಿದಳು. ನರಿ ಬಿಲದಿಂದ ಚಿಮ್ಮಿಕೊಂಡು ಬಂತು. ನಡುವೆ ತಂತಿಬಲೆ ಇಲ್ಲದ್ದು ಅದಕ್ಕೆ ಎಷ್ಟು ಖುಷಿಯೆಂದರೆ, ಬಾಲವನ್ನು ಹೇಗೆ ಇಟ್ಟುಕೊಳ್ಳಬೇಕೆಂದೇ ತಿಳಿಯದೆ ಸುತ್ತು ಹಾಕಿತು. ಇನ್ನೊಂದು ಮೊಳ ಬಂದರೆ ಅವಳ ಮಡಿಲು.

ಆಯಮ್ಮ ಡಬ್ಬ ಬಾರಿಸಿದಳು. ಪೈಪಿನ ನೀರು ಅದರ ಮುಖಕ್ಕೆ ಅಪ್ಪಳಿಸಿತು. ನರಿ ಕುಯ್ಯೆಂದು ಪಲ್ಟಿ ಹೊಡೆದು ಓಡಿತು.

ಅಷ್ಟಕ್ಕೇ ಮುಗಿದಿದ್ದರೆ ತಾಳಿಕೊಳ್ಳಬಹುದಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುನುಗಿದಾಗ ಅದು ಮತ್ತೆ ಬಂತು. ತಗಡಿನ ಸದ್ದಿಗೂ ನೀರಿಗೂ ಹೆದರಿತ್ತು, ಅವಳಿಗಲ್ಲ. ಹೆದರಿಕೆಯಾದದ್ದಕ್ಕೇ ಅವಳ ಹತ್ತಿರ ಓಡಿ ಬರುತ್ತಿತ್ತು, ಬೆದರಿದ ಕೂಸು ಬರುವ ಹಾಗೆ. ಅವಳು ಮತ್ತೆ ಬಾರಿಸಬೇಕಾಯಿತು.

"ಅಕ್ಕ, ಇವತ್ತಿಗೆ ಸಾಕು," ಎಂದ ತಮ್ಮ.

"ನೀರು ಬಿಡೋ ನೀನು," ಎಂದಳು ಆಯಮ್ಮ. ಅವಳ ದನಿ ಅವನಿಗೇ ಹೊಸದಾಗಿತ್ತು.

ಮರುದಿನ ನರಿ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು, ತಾನೇ ಏನೋ ತಪ್ಪು ಮಾಡಿದೆನೆಂಬಂತೆ ಬಂತು. ಗುನುಗುವಾಗ ದನಿ ಒಡೆಯಬಾರದು, ಒಡೆದರೆ ಅದು ಬೇರೆಯದೇ ದನಿಯಾಗಿಬಿಡುತ್ತದೆ, ಕಲಿಸಿದ್ದು ವ್ಯರ್ಥವಾಗುತ್ತದೆ. ಅದಕ್ಕಾಗಿ ಅವಳು ಅಳುವುದನ್ನೂ ಮನೆಗೆ ಹೋಗುವವರೆಗೆ ತಡೆಹಿಡಿದುಕೊಂಡಳು. ಕೂಸುಗಳನ್ನು ಮಲಗಿಸುವಾಗ ಎಷ್ಟು ಮೆತ್ತಗೆ, ಎಷ್ಟು ಅಕ್ಕರೆಯಿಂದ ಗುನುಗುತ್ತಿದ್ದಳೋ ಅಷ್ಟೇ ಅಕ್ಕರೆಯಿಂದ ಗುನುಗಿ, ಅದು ಹತ್ತಿರ ಬಂದಾಗ ಸೌಟು ಎತ್ತಿದಳು. ಆಮೇಲೊಂದು ದಿನ ಅದು ಅರ್ಧ ದಾರಿಗೆ ನಿಂತು ಅವಳ ಮುಖ ನೋಡಿತು. ಅದರ ಮಾರನೆಯ ದಿನ ಬಿಲದ ಬಾಯಲ್ಲಿ ಕಿವಿಗಳಷ್ಟೇ ಕಂಡವು. ಕೊನೆಗೊಂದು ಬೆಳಿಗ್ಗೆ ಗುನುಗಿನ ಮೊದಲ ಏರಿಗೇ ಆವರಣದ ಆಚೆ ತುದಿಗೆ ಓಡಿ, ಬೇಲಿಯ ಬುಡವನ್ನು ಕೆರೆಯತೊಡಗಿತು. ಡಬ್ಬ ಬಾರಿಸುವ ಅಗತ್ಯವೇ ಬೀಳಲಿಲ್ಲ.

ಡಾಕ್ಟರಮ್ಮ ಅವಳ ಕೈಯಿಂದ ಸೌಟು ತೆಗೆದುಕೊಂಡರು. "ಆಯ್ತಮ್ಮ. ಗೆದ್ದಿರಿ."

"ಮರೆತುಹೋಗುತ್ತಾ ಇದು, ಮುಂದೆ?" ಎಂದು ಕೇಳಿದಳು ಆಯಮ್ಮ.

"ಪ್ರೀತಿ ಬೇಕಾದ್ರೆ ಮರೆತೀತು. ಹೆದರಿಕೆ ಮರೆಯಲ್ಲ. ಬದುಕಿರೋ ತನಕ ಈ ದನಿ ಅದಕ್ಕೆ ನೆನಪಿರುತ್ತೆ."

ಆಯಮ್ಮ ತಲೆಯಾಡಿಸಿದಳು. ಇಡೀ ಆಯುಷ್ಯ ಬೇಡಿಕೊಂಡದ್ದು ಅವಳಿಗೆ ಸಿಕ್ಕಿತ್ತು, ಸಿಕ್ಕ ರೀತಿ ಮಾತ್ರ ಹೀಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಬಾಟಲಿ ತೊಳೆಯಲು ಹೋದಳು.

ಬಿಡುವ ದಿನ ತಮ್ಮ ಜೀಪನ್ನು ಕುರುಚಲು ಕಾಡಿನ ಅಂಚಿಗೆ ತಂದು ನಿಲ್ಲಿಸಿದ. ಬಿಸಿಲು ಇನ್ನೂ ಇತ್ತು. ಪೆಟ್ಟಿಗೆ ಇಳಿಸಿ, ಬಾಗಿಲನ್ನು ಕಾಡಿನ ಕಡೆಗೆ ಮಾಡಿ ತೆರೆದರು. ನರಿ ಹೊರಗೆ ಬರಲಿಲ್ಲ. ಮೂಲೆಗೆ ಒತ್ತಿಕೊಂಡು ಹುಲ್ಲನ್ನೂ ಆಕಾಶವನ್ನೂ ನೋಡುತ್ತ ನಡುಗುತ್ತಿತ್ತು. ತಮ್ಮ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದ. ಇನ್ನಷ್ಟು ಮುದುಡಿತು. ದೂರದಲ್ಲಿ ದನ ಕಾಯುವವರ ದನಿಗಳು ಕೇಳಿಸತೊಡಗಿದವು. ಅವರು ಇತ್ತ ಬರುವುದರೊಳಗೆ ಅದು ಹೋಗಬೇಕಿತ್ತು.

ಡಾಕ್ಟರಮ್ಮ ಆಯಮ್ಮನ ಕಡೆ ನೋಡಿದರು.

ಆಯಮ್ಮ ಪೆಟ್ಟಿಗೆಯ ಹಿಂದೆ ಹೋಗಿ ನೆಲದ ಮೇಲೆ ಕೂತಳು. ಕೈಯಲ್ಲಿ ಡಬ್ಬವಿಲ್ಲ, ಮುಖಕ್ಕೆ ಮುಸುಕಿಲ್ಲ. ಅವಳು ಗುನುಗಿದಳು.

ನರಿ ಬಾಣದಂತೆ ಹೊರಬಿತ್ತು. ಹುಲ್ಲಿನ ನಡುವೆ ಕಂದು ಬೆನ್ನು ಒಮ್ಮೆ ಕಂಡಿತು, ಕಲ್ಲುಗಳ ಹತ್ತಿರ ಇನ್ನೊಮ್ಮೆ. ಹಿಂದಿರುಗಿ ನೋಡಲಿಲ್ಲ. ಆಯಮ್ಮ ಗುನುಗು ನಿಲ್ಲಿಸಲಿಲ್ಲ. ಯಾರಿಗೂ ಕೇಳಬಾರದೆಂದು ತಗ್ಗಿಸಿಕೊಂಡಿದ್ದ ದನಿಯನ್ನು ಮೊದಲ ಸಲ ಪೂರ್ತಿ ಬಿಟ್ಟು, ಎದೆ ತುಂಬ ಗುನುಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಒಡೆಯಲಿಲ್ಲ. ಪೊದೆಗಳು ಅಲುಗುವುದು ನಿಂತಿತು. ಡಾಕ್ಟರಮ್ಮ ಖಾಲಿ ಪೆಟ್ಟಿಗೆಯ ಬಾಗಿಲು ಹಾಕಿದರು.

ತಮ್ಮ ಬಂದು ಅವಳ ಹೆಗಲು ಮುಟ್ಟಿದ. "ಸಾಕು ಅಕ್ಕ. ಹೋಯ್ತು ಅದು."

"ಇನ್ನೂ ಸ್ವಲ್ಪ ದೂರ ಹೋಗ್ಲಿ," ಎಂದು ಆಯಮ್ಮ ಮತ್ತೊಂದು ಸುತ್ತು ಎತ್ತಿಕೊಂಡಳು.